ಕ್ಲೋ ಸಾಂತ್ ಯೂನ್ ಕೊಳ್ಳುವ ಮುನ್ನ

ಫ್ರಾನ್ಸ್‌ನ ಪೂರ್ವದಂಚಿನ ಆಲ್ಸಾಸ್ ಪ್ರಾಂತದಲ್ಲಿ ಯೂನಾವೀರ್ ಎಂಬ ಸಣ್ಣ ಹಳ್ಳಿಯಿದೆ. ಅದರ ಪಕ್ಕದ ಇಳಿಜಾರಿನಲ್ಲಿ 1.67 ಹೆಕ್ಟೇರಿನ ಒಂದು ದ್ರಾಕ್ಷಿ ತೋಟ. ನಮ್ಮ ಲೆಕ್ಕದಲ್ಲಿ ನಾಲ್ಕು ಎಕರೆ ಐದು ಗುಂಟೆ. ವರ್ಷಕ್ಕೆ ಸುಮಾರು 8,000 ಬಾಟಲಿ ವೈನ್ ಅದರಿಂದ ಬರುತ್ತದೆ, ಫಸಲು ಕೈಕೊಟ್ಟ ವರ್ಷ ಇನ್ನೂ ಕಡಿಮೆ. ಯುರೋಪಿನ ಅಂಗಡಿಗಳಲ್ಲೇ ಒಂದು ಬಾಟಲಿಗೆ 200 ಯುರೋ ದಾಟುತ್ತದೆ. ಸಿಹಿಯಿಲ್ಲದ ರೀಸ್ಲಿಂಗ್ ವೈನುಗಳಲ್ಲಿ ಜಗತ್ತಿನಲ್ಲೇ ಶ್ರೇಷ್ಠ ಯಾವುದು ಎಂಬ ಚರ್ಚೆ ಎದ್ದಾಗಲೆಲ್ಲ ಈ ತೋಟದ ಹೆಸರು ಬಂದೇ ಬರುತ್ತದೆ. ಹೆಸರು ಕ್ಲೋ ಸಾಂತ್ ಯೂನ್. ಮಾಡುವವರು ಟ್ರಿಂಬಾಕ್ ಮನೆತನದವರು.

ಯುರೋಪಿನಲ್ಲಿ ಕೆಲಸಕ್ಕಿರುವ ಕನ್ನಡಿಗರು, ರಜೆಗೆ ಹೋಗಿ ಬರುವವರು, ಒಳ್ಳೆಯ ವೈನನ್ನು ಉಡುಗೊರೆ ಕೊಡಬೇಕೆನ್ನುವವರು ಇಂಥ ಹೆಸರು ಕೇಳಿ ಅಂಗಡಿಗೆ ಹೋಗುತ್ತಾರೆ. ಬೆಲೆ ಹೆಚ್ಚಿದ್ದರೆ ಇವತ್ತೇ ತೆರೆದರೂ ರುಚಿ ಹೆಚ್ಚಿರುತ್ತದೆ ಎಂದು ನಂಬುತ್ತಾರೆ. ಈ ವೈನಿನ ಮಟ್ಟಿಗೆ ಆ ನಂಬಿಕೆ ಸುಳ್ಳು. ಇದು ವಯಸ್ಸಾಗಬೇಕಾದ ವೈನ್. ಹತ್ತು ವರ್ಷ ಇಟ್ಟುಕೊಳ್ಳುವ ತಾಳ್ಮೆಯೂ ಜಾಗವೂ ಇಲ್ಲದವರು ಇದನ್ನು ಕೊಳ್ಳದಿರುವುದೇ ಲೇಸು. ಅಂಥವರಿಗೆ ಅದೇ ಮನೆಯ ಬೇರೆ ಬಾಟಲಿಗಳಿವೆ. ಯಾವುದು, ಏಕೆ, ಕೊಂಡ ಮೇಲೆ ಏನು ಮಾಡಬೇಕು ಎಂಬುದೇ ಈ ಲೇಖನ.

ಮಳೆ ನೆರಳಿನ ಇಳಿಜಾರು

ಆಲ್ಸಾಸ್‌ನ ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು, ಪೂರ್ವಕ್ಕೆ ರೈನ್ ನದಿ, ನದಿಯಾಚೆ ಜರ್ಮನಿ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ವೋಜ್ ಬೆಟ್ಟಗಳ ಮೇಲೆಯೇ ಸುರಿದು ಖಾಲಿಯಾಗುತ್ತವೆ. ಬೆಟ್ಟದ ನೆತ್ತಿಯಲ್ಲಿ ಎರಡು ಸಾವಿರ ಮಿಲಿಮೀಟರ್ ಮಳೆಯಾಗುವ ಜಾಗಗಳಿದ್ದರೆ, ಕೆಳಗಿನ ಕೋಲ್ಮಾರ್ ಪಟ್ಟಣಕ್ಕೆ ಸಿಗುವುದು ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು, ರಾತ್ರಿಗೆ ತಂಪು. ನಿಧಾನವಾಗಿ ಮಾಗುವ ರೀಸ್ಲಿಂಗ್ ದ್ರಾಕ್ಷಿಗೆ ಬೇಕಾದದ್ದೇ ಇದು. ಹಗಲಿನ ಬಿಸಿಲಲ್ಲಿ ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪಿನಲ್ಲಿ ಹುಳಿ ಉಳಿಯುತ್ತದೆ. ಆ ಹುಳಿಯೇ ಈ ವೈನಿನ ಬೆನ್ನೆಲುಬು.

ನಂದಿ ಬೆಟ್ಟದ ಸುತ್ತಲೂ ವಿಜಯಪುರದ ಕಡೆಯೂ ದ್ರಾಕ್ಷಿ ಬೆಳೆಯುವವರಿಗೆ ಇಲ್ಲೊಂದು ವ್ಯತ್ಯಾಸ ಕೂಡಲೇ ಹೊಳೆದೀತು. ನಮ್ಮಲ್ಲಿ ಕೊರೆಯುವ ಚಳಿಗಾಲ ಇಲ್ಲದ್ದರಿಂದ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುವುದಿಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಿ ಅದನ್ನು ದಾರಿಗೆ ತರಬೇಕು. ಆಲ್ಸಾಸ್‌ನಲ್ಲಿ ಆ ಕೆಲಸವನ್ನು ಹಿಮವೇ ಮಾಡಿಕೊಡುತ್ತದೆ. ಚಳಿಗಾಲದಲ್ಲಿ ಒಂದೇ ಚಾಟ್ನಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಒಂದೇ ಕೊಯ್ಲು. ಇತ್ತೀಚೆಗೆ ಬೇಸಿಗೆಗಳು ಬಿಸಿಯಾಗುತ್ತಿರುವುದರಿಂದ ಕೊಯ್ಲು ಹಿಂದಕ್ಕೆ ಸರಿಯುತ್ತಿದೆ. ಆಗಸ್ಟ್ ಕೊನೆಗೇ ಬುಟ್ಟಿ ಹಿಡಿಯುವ ವರ್ಷಗಳೂ ಬಂದಿವೆ.

ಯೂನಾವೀರ್‌ನ ಉತ್ತರಕ್ಕಿರುವ ದೊಡ್ಡ ತೋಟಪ್ರದೇಶದ ಹೆಸರು ರೋಸಾಕರ್. ಒಟ್ಟು 26 ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು, ಪೂರ್ವ ಮತ್ತು ಆಗ್ನೇಯಕ್ಕೆ ಮುಖ, ಸುಣ್ಣದ ಕಲ್ಲು ಬೆರೆತ ಜೇಡಿಮಣ್ಣು. ಅದರೊಳಗಿನ ಒಂದು ತುಂಡೇ ಕ್ಲೋ ಸಾಂತ್ ಯೂನ್. ಇನ್ನೂರು ವರ್ಷಕ್ಕೂ ಹಿಂದಿನಿಂದ ಟ್ರಿಂಬಾಕ್ ಮನೆಯವರ ಕೈಯಲ್ಲಿದೆ. ಸಾಂತ್ ಯೂನ್ ಎಂದರೆ ಏಳನೆಯ ಶತಮಾನದಲ್ಲಿ ಇಲ್ಲಿದ್ದಳು ಎನ್ನುವ ಸಂತ ಯೂನಾ. ಸಿರಿವಂತರ ಮನೆಯವಳಾದರೂ ಊರ ಬುಗ್ಗೆಯ ಬಳಿ ಕೂತು ಬಡವರ ಬಟ್ಟೆ ಒಗೆದುಕೊಡುತ್ತಿದ್ದಳಂತೆ. ದ್ರಾಕ್ಷಿ ಬೆಳೆ ಪೂರ್ತಿ ಹೋದ ಒಂದು ವರ್ಷ ಅದೇ ಬುಗ್ಗೆಯಿಂದ ನೀರಿನ ಬದಲು ವೈನ್ ಹರಿಯಿತು ಎನ್ನುವುದು ಊರವರ ಕತೆ. ಕತೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಬುಗ್ಗೆಯಂತೂ ಈಗಲೂ ಇದೆ.

ಟ್ರಿಂಬಾಕ್ ಮನೆ

ಮನೆತನ ತನ್ನ ಲೆಕ್ಕವನ್ನು 1626ರಿಂದ ಇಡುತ್ತದೆ. ಹತ್ತಿರದ ರಿಕ್‌ವೀರ್ ಪಟ್ಟಣದಲ್ಲಿ ಶುರುವಾದ ಕಸುಬು ಮುಂದೆ ಯೂನಾವೀರ್‌ಗೆ, ಅಲ್ಲಿಂದ ಈಗಿನ ನೆಲೆಯಾದ ರಿಬೋವಿಲೆಗೆ ಬಂತು. ಮೂರೂ ಊರು ಒಂದರಿಂದ ಒಂದಕ್ಕೆ ನಡೆದು ಹೋಗುವಷ್ಟು ಹತ್ತಿರ. ನಾನೂರು ವರ್ಷದಲ್ಲಿ ಕುಟುಂಬ ಐದಾರು ಕಿಲೋಮೀಟರ್ ಕೂಡ ಸರಿದಿಲ್ಲ ಎನ್ನಬಹುದು. ಆದರೆ ಅವರು ಕೂತಲ್ಲೇ ದೇಶ ಬದಲಾಗಿದೆ. 1871ರಲ್ಲಿ ಆಲ್ಸಾಸ್ ಜರ್ಮನಿಗೆ ಸೇರಿತು. 1918ರಲ್ಲಿ ಫ್ರಾನ್ಸ್‌ಗೆ ಮರಳಿತು. 1940ರಲ್ಲಿ ಹಿಟ್ಲರನ ಸೇನೆ ಮತ್ತೆ ಕಸಿದುಕೊಂಡಿತು. ಯುದ್ಧ ಮುಗಿದ ಮೇಲೆ ಮತ್ತೆ ಫ್ರಾನ್ಸ್. ಫ್ರೆಂಚ್ ವೈನಿನ ಮೇಲೆ ಜರ್ಮನ್ ಹೆಸರು, ಉದ್ದ ಕೊರಳಿನ ಸಪೂರ ಹಸಿರು ಬಾಟಲಿ, ಫ್ರಾನ್ಸ್‌ನ ಬೇರೆಡೆ ಅಪರೂಪವಾದ ದ್ರಾಕ್ಷಿ ತಳಿಯ ಹೆಸರು ಲೇಬಲಿನಲ್ಲಿ, ಇವೆಲ್ಲ ಎಲ್ಲಿಂದ ಬಂದವು ಎಂಬುದಕ್ಕೆ ಈ ಚರಿತ್ರೆಯೇ ಉತ್ತರ.

ಜರ್ಮನ್ ಆಳ್ವಿಕೆಯ ನಡುವೆಯೇ, 1898ರಲ್ಲಿ, ಫ್ರೆಡರಿಕ್ ಎಮಿಲ್ ಟ್ರಿಂಬಾಕ್ ತನ್ನ ವೈನುಗಳನ್ನು ಬ್ರಸೆಲ್ಸ್‌ನ ಅಂತರರಾಷ್ಟ್ರೀಯ ಮೇಳಕ್ಕೆ ಒಯ್ದು ಅತ್ಯುನ್ನತ ಅಂಕ ಗಳಿಸಿದ. ಇಂದಿಗೂ ಕಂಪನಿಯ ಹೆಸರು ಅವನ ಮೊದಲಕ್ಷರಗಳೊಂದಿಗೇ ಇದೆ. ಕ್ಲೋ ಸಾಂತ್ ಯೂನ್ ಎಂಬ ಹೆಸರು ಹೊತ್ತ ಮೊದಲ ಬಾಟಲಿ 1919ರ ಫಸಲಿನದು, ಅಂದರೆ ಆಲ್ಸಾಸ್ ಫ್ರಾನ್ಸ್‌ಗೆ ಮರಳಿದ ಮರುವರ್ಷದ್ದು.

ಈಗ ಮನೆಯಲ್ಲಿ ಹನ್ನೆರಡನೆಯ ಮತ್ತು ಹದಿಮೂರನೆಯ ತಲೆಮಾರು ಒಟ್ಟಿಗೆ ದುಡಿಯುತ್ತಿದೆ. ಅಣ್ಣತಮ್ಮಂದಿರಾದ ಪಿಯೇರ್ ಮತ್ತು ಜಾನ್ ದಶಕಗಳ ಕಾಲ ಕೆಲಸ ಹಂಚಿಕೊಂಡವರು: ಪಿಯೇರ್ ವೈನ್ ಮಾಡುವವರು, ಜಾನ್ ದೇಶದೇಶ ತಿರುಗಿ ಮಾರುವವರು. ಪಿಯೇರ್ ಅವರ ಮಗಳು ಆ್ಯನ್ ಮುಂದಿನ ತಲೆಮಾರಿನವರಲ್ಲಿ ಒಬ್ಬರು. ಕುಟುಂಬದ ಕಸುಬು ಎಂದೊಡನೆ ಅಂಗಳದಲ್ಲಿ ನಾಲ್ಕು ಪೀಪಾಯಿ ಇಟ್ಟುಕೊಂಡ ಪುಟ್ಟ ಮನೆಯನ್ನು ಕಲ್ಪಿಸಿಕೊಳ್ಳಬೇಡಿ. ಇವರ ಒಟ್ಟು ಉತ್ಪಾದನೆ ವರ್ಷಕ್ಕೆ ಹತ್ತು ಲಕ್ಷ ಬಾಟಲಿ ಮೀರುತ್ತದೆ. ಸ್ವಂತ ತೋಟ ಸಾಲದೆ ಸುತ್ತಲಿನ ಬೆಳೆಗಾರರಿಂದಲೂ ದ್ರಾಕ್ಷಿ ಕೊಳ್ಳುತ್ತಾರೆ. ಮೇಲ್ಮಟ್ಟದ ವೈನುಗಳು ಮಾತ್ರ ಆರಿಸಿದ ತೋಟಗಳವು. ದೊಡ್ಡ ವ್ಯಾಪಾರವೂ ಸಣ್ಣ ತೋಟದ ನಿಷ್ಠೆಯೂ ಒಂದೇ ಸೂರಿನಡಿ ಇರುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಸಾವಿರಾರು ಬಾಟಲಿಯನ್ನು ವರ್ಷಗಟ್ಟಲೆ ಮಾರದೆ ನೆಲಮಾಳಿಗೆಯಲ್ಲಿ ಇಟ್ಟುಕೊಳ್ಳುವ ತಾಕತ್ತು ಬರುವುದೂ ಆ ದೊಡ್ಡ ವ್ಯಾಪಾರದಿಂದಲೇ.

ವೈನ್ ಮಾಡುವ ರೀತಿ ಸರಳ, ಅದರಲ್ಲಿ ಗುಟ್ಟೇನೂ ಇಲ್ಲ. ಹಣ್ಣನ್ನು ಕೈಯಿಂದ ಕೊಯ್ದು, ಮೆಲ್ಲನೆ ಹಿಂಡಿ, ರಸವನ್ನು ಪೂರ್ತಿ ಹುದುಗಿಸುತ್ತಾರೆ. ಸಕ್ಕರೆ ಬಹುಮಟ್ಟಿಗೆ ಮುಗಿಯುವವರೆಗೆ ಬಿಡುತ್ತಾರೆ. ಹೊಸ ಓಕ್ ಮರದ ಪೀಪಾಯಿ ಬಳಸುವುದಿಲ್ಲವಾದ್ದರಿಂದ ವೈನಿನಲ್ಲಿ ಮರದ, ವೆನಿಲಾದ ವಾಸನೆ ಇರುವುದಿಲ್ಲ. ಅನೇಕ ಬಿಳಿ ವೈನುಗಳಲ್ಲಿ ಎರಡನೆಯ ಹಂತವೊಂದಿದೆ: ಬ್ಯಾಕ್ಟೀರಿಯಾ ಚೂಪಾದ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಮೆದು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಬರ್ಗಂಡಿಯ ಬಿಳಿ ವೈನುಗಳಿಗೆ ಬೆಣ್ಣೆಯ ಮೆರುಗು ಬರುವುದು ಹೀಗೆ. ಟ್ರಿಂಬಾಕ್ ಮನೆಯವರು ಅದಕ್ಕೆ ಅವಕಾಶ ಕೊಡುವುದಿಲ್ಲ. ಹುಳಿ ಚೂಪಾಗಿಯೇ ಉಳಿಯುತ್ತದೆ. ಮರುವರ್ಷ ಬಾಟಲಿಗೆ ತುಂಬಿ, ಕ್ಲೋ ಸಾಂತ್ ಯೂನನ್ನು ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮನೆಯಲ್ಲೇ ಇಟ್ಟು ಆಮೇಲೆ ಮಾರುಕಟ್ಟೆಗೆ ಬಿಡುತ್ತಾರೆ.

ಲೇಬಲಿನಲ್ಲಿ ಏನಿದೆ, ಏನಿಲ್ಲ

ಆಲ್ಸಾಸ್ ವೈನಿಗೆ 1962ರಲ್ಲಿ ಕಾನೂನಿನ ಮೂಲಸ್ಥಾನ ಮಾನ್ಯತೆ ಸಿಕ್ಕಿತು. 1975ರಲ್ಲಿ ಅದರ ಮೇಲೊಂದು ದರ್ಜೆ ಬಂತು, ಗ್ರಾಂ ಕ್ರೂ, ಅಂದರೆ ಶ್ರೇಷ್ಠ ತೋಟಗಳ ಪಟ್ಟಿ. 1983ರಲ್ಲಿ 25 ತೋಟಗಳು ಸೇರಿದವು, ಈಗ 51 ಇವೆ. ರೋಸಾಕರ್ ಅದರಲ್ಲಿ ಒಂದು. ಆ ಲೆಕ್ಕದಲ್ಲಿ ಕ್ಲೋ ಸಾಂತ್ ಯೂನ್ ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಗ್ರಾಂ ಕ್ರೂ ಎಂದು ಬರೆದುಕೊಳ್ಳಬಹುದಿತ್ತು. ಅವರು ಬರೆಯುವುದಿಲ್ಲ.

ಕಾರಣವಿದೆ. ಪಟ್ಟಿ ಮಾಡುವಾಗ ತೋಟಗಳ ಗಡಿಯನ್ನು ಬೇಕಾಬಿಟ್ಟಿ ಹಿಗ್ಗಿಸಿದರು, ಒಳ್ಳೆಯ ನೆಲದ ಜೊತೆ ಸಾಧಾರಣ ನೆಲವೂ ಒಳಗೆ ಬಂತು ಎಂಬುದು ಟ್ರಿಂಬಾಕ್, ಹುಗೆಲ್, ಲಿಯೋನ್ ಬೇಯರ್ ಮುಂತಾದ ಹಳೆಯ ಮನೆಗಳ ಆಕ್ಷೇಪ. ಆದ್ದರಿಂದ ಸರಕಾರದ ಮುದ್ರೆಗಿಂತ ಮನೆಯ ಹೆಸರನ್ನೇ ಮುಂದಿಟ್ಟರು. ಇತ್ತೀಚಿನ ವರ್ಷಗಳಲ್ಲಿ ಟ್ರಿಂಬಾಕ್ ಮನೆಯವರು ಸ್ವಲ್ಪ ಸಡಿಲಿಸಿ, ಗೈಸ್‌ಬೆರ್ಗ್ ಮುಂತಾದ ತೋಟಗಳ ವೈನನ್ನು ಗ್ರಾಂ ಕ್ರೂ ಎಂದೇ ಮಾರುತ್ತಿದ್ದಾರೆ. ಸಾಂತ್ ಯೂನ್ ಮಾತ್ರ ಹಳೆಯ ಹಟದಲ್ಲೇ ಇದೆ. ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಆಲ್ಸಾಸ್‌ನಲ್ಲಿ ಗ್ರಾಂ ಕ್ರೂ ಎಂಬ ಎರಡು ಪದ ಕಂಡೊಡನೆ ಕೈಚೀಲ ಬಿಚ್ಚಬೇಡಿ. ಮಾಡಿದವರು ಯಾರೆಂದು ಮೊದಲು ನೋಡಿ.

ಇನ್ನೊಂದು ಗೊಂದಲ ಸಿಹಿಯದು. ಆಲ್ಸಾಸ್ ರೀಸ್ಲಿಂಗ್ ಎಂದರೆ ಸಿಹಿಯಿಲ್ಲದ್ದು ಎಂಬ ಭರವಸೆ ಬಹಳ ಕಾಲ ಇರಲಿಲ್ಲ. ಮನೆಯಿಂದ ಮನೆಗೆ ಬದಲಾಗುತ್ತಿತ್ತು. ಬಾಟಲಿ ತೆರೆದ ಮೇಲೆಯೇ ಗೊತ್ತಾಗುತ್ತಿತ್ತು. 2021ರ ಫಸಲಿನಿಂದ ಸಿಹಿಯ ಮಟ್ಟವನ್ನು ಲೇಬಲಿನಲ್ಲಿ ಹೇಳುವುದು ಕಡ್ಡಾಯವಾಗಿದೆ. ಸೆಕ್ ಎಂದಿದ್ದರೆ ಸಿಹಿಯಿಲ್ಲ, ಡೆಮಿ-ಸೆಕ್ ಎಂದರೆ ತುಸು ಸಿಹಿ, ಮ್ವಾಲೂ ಎಂದರೆ ಸಿಹಿ, ದೂ ಎಂದರೆ ತೀರಾ ಸಿಹಿ. ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಉಳಿದಿದ್ದರೆ ಸೆಕ್. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಸೆಕ್ ಎನ್ನಲು ನಿಯಮ ಒಪ್ಪುತ್ತದೆ. ವಾಂದಾಂಜ್ ತಾರ್ದಿವ್ ಎಂದು ಬರೆದಿದ್ದರೆ ತಡವಾಗಿ ಕೊಯ್ದ, ಸಾಮಾನ್ಯವಾಗಿ ಸಿಹಿಯಾದ ವೈನ್. ಟ್ರಿಂಬಾಕ್ ಮನೆಯ ಮಾಮೂಲಿ ರೀಸ್ಲಿಂಗ್‌ಗಳೆಲ್ಲ ಸೆಕ್, ಅದರಲ್ಲಿ ಅವರು ರಾಜಿ ಮಾಡಿಕೊಂಡದ್ದಿಲ್ಲ.

ಸಸ್ಯಾಹಾರಿ ಓದುಗರಿಗೆ ಒಂದು ಮಾತು. ವೈನನ್ನು ತಿಳಿಗೊಳಿಸಲು ಕೆಲವೆಡೆ ಮೀನಿನ ಗಾಳಿಚೀಲದ ಪುಡಿ, ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್ ಬಳಸುತ್ತಾರೆ. ಬೇರೆ ಕಡೆ ಬೆಂಟೊನೈಟ್ ಎಂಬ ಜೇಡಿಮಣ್ಣು ಸಾಕು. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನ ಲೇಬಲಿನಲ್ಲಿ ಹೇಳಬೇಕು. ಮೀನಿನದ್ದನ್ನು ಹೇಳಬೇಕಿಲ್ಲ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನುಗಳಿಗೆ ಪದಾರ್ಥಗಳ ಪಟ್ಟಿ ಕಡ್ಡಾಯ. ಬಹುಪಾಲು ಬಾಟಲಿಗಳಲ್ಲಿ ಅದು ಕ್ಯೂಆರ್ ಕೋಡ್ ಹಿಂದೆ ಇರುತ್ತದೆ. ಆದರೆ ತಿಳಿಗೊಳಿಸಿ ತೆಗೆದುಹಾಕಿದ್ದು ಆ ಪಟ್ಟಿಗೆ ಸೇರಲೇಬೇಕೆಂದಿಲ್ಲ. ಇದು ನಿಮಗೆ ಮುಖ್ಯವಾದರೆ ತಯಾರಕರಿಗೇ ಎರಡು ಸಾಲಿನ ಮಿಂಚಂಚೆ ಬರೆದು ಕೇಳಿ.

ಯಾವುದರಿಂದ ಶುರು

ಟ್ರಿಂಬಾಕ್ ಮನೆಯ ರೀಸ್ಲಿಂಗ್‌ಗಳಲ್ಲಿ ಮೂರನ್ನು ಮೆಟ್ಟಿಲುಗಳಂತೆ ನೋಡಬಹುದು. ಕೆಳಗಿನದು ಹಳದಿ ಲೇಬಲಿನ ಸಾಮಾನ್ಯ ರೀಸ್ಲಿಂಗ್. ಯುರೋಪಿನಲ್ಲಿ 20 ಯುರೋ ಆಸುಪಾಸು. ನಿಂಬೆ, ಹಸಿರು ಸೇಬಿನ ವಾಸನೆ, ಶುಚಿಯಾದ ಹುಳಿ, ನಾಲಗೆಯ ಮೇಲೆ ಸಿಹಿಯ ಸುಳಿವಿಲ್ಲ. ಕೊಂಡ ದಿನವೇ ಕುಡಿಯಬಹುದು, ಐದಾರು ವರ್ಷ ಇಟ್ಟರೂ ಕೆಡುವುದಿಲ್ಲ. ಸಿಹಿ ವೈನಿಗೆ ಒಗ್ಗಿದ ನಾಲಗೆಗೆ ಮೊದಲ ಗುಟುಕು ತೀರಾ ಹುಳಿ ಅನ್ನಿಸೀತು. ಊಟದ ಜೊತೆ ಮತ್ತೊಮ್ಮೆ ನೋಡಿ. ಈ ಶೈಲಿ ನಿಮಗೆ ಹಿಡಿಸುವುದೇ ಇಲ್ಲವಾದರೆ ಮೇಲಿನ ಮೆಟ್ಟಿಲಿಗೆ ಹೋಗುವುದರಲ್ಲಿ ಅರ್ಥವಿಲ್ಲ. 200 ಯುರೋ ಕೊಟ್ಟು ಅದನ್ನು ತಿಳಿದುಕೊಳ್ಳುವುದಕ್ಕಿಂತ 20 ಯುರೋದಲ್ಲಿ ತಿಳಿಯುವುದು ಒಳ್ಳೆಯದು.

ನಡುವಿನದು ಕ್ಯುವೆ ಫ್ರೆಡರಿಕ್ ಎಮಿಲ್. ರಿಬೋವಿಲೆಯಲ್ಲಿ ಟ್ರಿಂಬಾಕ್ ಮನೆಯ ಹಿಂದೆಯೇ ಏರುವ ಗೈಸ್‌ಬೆರ್ಗ್ ಮತ್ತು ಓಸ್ಟರ್‌ಬೆರ್ಗ್ ತೋಟಗಳ ಹಣ್ಣು. ಇದನ್ನೂ ಕೆಲವು ವರ್ಷ ಇಟ್ಟೇ ಮಾರುಕಟ್ಟೆಗೆ ಬಿಡುತ್ತಾರೆ. ಬೆಲೆ ಸಾಂತ್ ಯೂನಿನ ಅರ್ಧಕ್ಕಿಂತ ಬಹಳ ಕೆಳಗೆ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಹೆಚ್ಚು ಮರಳಿಸುವುದು ಇದೇ. ಸಾಂತ್ ಯೂನಿನ ಬಿಗಿ, ಉದ್ದ ಇದರಲ್ಲೂ ಇದೆ, ಸ್ವಲ್ಪ ಬೇಗ ಮನಸ್ಸು ಬಿಚ್ಚುತ್ತದೆ. ಉಡುಗೊರೆಗೂ ಇದೇ ಸರಿ, ಪಡೆದವರು ಯಾವಾಗ ತೆರೆಯುತ್ತಾರೋ ಹೇಳಲಾಗದು ನೋಡಿ.

ಮೇಲಿನದು ಕ್ಲೋ ಸಾಂತ್ ಯೂನ್. ಮಾರುಕಟ್ಟೆಗೆ ಬಂದ ಹೊಸದರಲ್ಲಿ, ಆರೇಳು ವರ್ಷದ ವಯಸ್ಸಿನಲ್ಲಿ, ಇದು ಮುಚ್ಚಿದ ಬಾಗಿಲು. ಕಲ್ಲು, ಉಪ್ಪು, ನಿಂಬೆಸಿಪ್ಪೆ, ಅಷ್ಟೇ. ದುಡ್ಡು ಕೊಟ್ಟವನಿಗೆ ಮೋಸ ಹೋದಂತೆ ಅನ್ನಿಸಬಹುದು. ಹತ್ತು ಹನ್ನೆರಡು ವರ್ಷ ದಾಟಿದ ಮೇಲೆ ಜೇನು, ಒಣಗಿದ ಹೂವು, ಸುಟ್ಟ ಬ್ರೆಡ್ಡು, ಕಿತ್ತಳೆಸಿಪ್ಪೆ ಒಂದೊಂದಾಗಿ ಹೊರಬರುತ್ತವೆ. ಹುಳಿ ಮಾತ್ರ ಹಾಗೇ ನಿಂತಿರುತ್ತದೆ. ಒಳ್ಳೆಯ ಫಸಲಿನದು ಇಪ್ಪತ್ತು ಮೂವತ್ತು ವರ್ಷವೂ ಏರುಮುಖದಲ್ಲೇ ಇರುತ್ತದೆ. 1971, 1976, 1983, 1989, 1990 ಫಸಲುಗಳನ್ನು ಬಲ್ಲವರು ಇಂದಿಗೂ ಹೆಸರಿಸುತ್ತಾರೆ. ಇತ್ತೀಚಿನವುಗಳಲ್ಲಿ 2001, 2005, 2008, 2010. ಹಳೆಯ ಫಸಲಿನದನ್ನು ಹರಾಜಿನಲ್ಲಿ ಅಥವಾ ಕೈಬದಲಾಗಿ ಬಂದ ಬಾಟಲಿಯಾಗಿ ಕೊಳ್ಳುವಾಗ ಎಲ್ಲಿ ಇಟ್ಟಿದ್ದರು ಎಂಬ ದಾಖಲೆ ಕೇಳದೆ ಹಣ ಕೊಡಬೇಡಿ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಕೊರಳಿನ ಬಳಿ ಅಂಟು ಸೋರಿದ್ದರೆ, ವೈನಿನ ಮಟ್ಟ ಭುಜಕ್ಕಿಂತ ಕೆಳಗೆ ಇಳಿದಿದ್ದರೆ ಅದು ಬಿಸಿ ತಿಂದ ಬಾಟಲಿ. ಹೆಸರು ಎಷ್ಟೇ ದೊಡ್ಡದಾದರೂ ಬಿಟ್ಟುಬಿಡಿ.

ಬೆಂಗಳೂರಿನಲ್ಲಿ ಆಮದು ವೈನ್ ಕೊಳ್ಳುವವರಿಗೆ ಇನ್ನೆರಡು ಎಚ್ಚರಿಕೆ. ಬಾಟಲಿ ವೈನಿನ ಮೇಲೆ ಭಾರತದಲ್ಲಿ ವರ್ಷಗಟ್ಟಲೆ ಇದ್ದ ಆಮದು ಸುಂಕವೇ ಶೇ 150, ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಹಾಗಾಗಿ ಇಲ್ಲಿನ ಬೆಲೆಯನ್ನು ಯುರೋಪಿನದರ ಜೊತೆ ಇಟ್ಟು ನೋಡಿ ಬೇಸರಪಟ್ಟುಕೊಳ್ಳಬೇಡಿ. ಬಾಟಲಿಯ ಹಿಂದೆ ಆಮದುದಾರರ ಚೀಟಿ ಇದೆಯೇ ನೋಡಿ. ಅಂಗಡಿಯಲ್ಲಿ ಅದನ್ನು ದೀಪದ ಕೆಳಗೆ, ಗಾಜಿನ ಕಪಾಟಿನಲ್ಲಿ, ಹಗಲಿಡೀ ಬಿಸಿಯಲ್ಲಿ ನಿಲ್ಲಿಸಿದ್ದರೆ ದುಬಾರಿಯದನ್ನು ಅಲ್ಲಿಂದ ತರಬೇಡಿ. ಹಳದಿ ಲೇಬಲಿನದ್ದಾದರೆ ಒಂದು ಬಾರಿ ಅದೃಷ್ಟ ನೋಡಬಹುದು.

ಇಡುವುದು

ವೈನ್ ಇಡಲು ಹದವಾದ ಉಷ್ಣತೆ 10ರಿಂದ 14 ಡಿಗ್ರಿ ಸೆಲ್ಸಿಯಸ್, ವರ್ಷವಿಡೀ ಏರಿಳಿತವಿಲ್ಲದೆ. ಬೆಂಗಳೂರಿನ ಹವೆ ತಂಪು ಎಂದುಕೊಂಡು ಮಂಚದ ಕೆಳಗೆ ಇಡುವವರಿದ್ದಾರೆ. ಏಪ್ರಿಲಿನಲ್ಲಿ ಆ ಮಂಚದ ಕೆಳಗೂ ಮೂವತ್ತರ ಹತ್ತಿರ ಇರುತ್ತದೆ. ಕಲಬುರಗಿ, ರಾಯಚೂರಿನ ಮಾತು ಬೇಡ. ಅಡುಗೆಮನೆಯ ಫ್ರಿಜ್ ಕೆಲವು ವಾರಕ್ಕೆ ಸರಿ, ವರ್ಷಗಳಿಗೆ ಅಲ್ಲ. ಅಲ್ಲಿ ಒಣ ಗಾಳಿಗೆ ಕಾರ್ಕ್ ಸೊರಗುತ್ತದೆ, ಬಾಗಿಲು ತೆರೆದು ಮುಚ್ಚುವ ಅಲುಗಾಟ ಬೇರೆ. ವೈನಿಗೆಂದೇ ಮಾಡಿದ ಸಣ್ಣ ಫ್ರಿಜ್ ಇದ್ದರೆ, ಅದಕ್ಕೆ ಕರೆಂಟ್ ಹೋದಾಗ ಯುಪಿಎಸ್ ಆಸರೆ ಇದ್ದರೆ, ಸಾಂತ್ ಯೂನ್ ಬಗ್ಗೆ ಯೋಚಿಸಿ. ಇಲ್ಲವಾದರೆ ಬೇಡ. ಯುರೋಪಿನಲ್ಲಿ ನೆಲೆಸಿದವರಿಗೆ ಈ ಕಷ್ಟವಿಲ್ಲ. ನೆಲಮಾಳಿಗೆ ಇರುವ ಮನೆಯಾದರೆ ಅಲ್ಲೇ ಸಾಕು, ಅಪಾರ್ಟ್‌ಮೆಂಟಾದರೆ ತಿಂಗಳ ಬಾಡಿಗೆಗೆ ವೈನ್ ಇಟ್ಟುಕೊಡುವ ಗೋದಾಮುಗಳು ದೊಡ್ಡ ಊರುಗಳಲ್ಲಿ ಸಿಗುತ್ತವೆ. ಎಲ್ಲೇ ಇಟ್ಟರೂ ಬಾಟಲಿ ಮಲಗಿರಲಿ, ಬೆಳಕು ಬೀಳದಿರಲಿ.

ತೆರೆಯುವ ದಿನ

ಮಲಗಿಸಿದ್ದ ಬಾಟಲಿಯನ್ನು ಹಿಂದಿನ ದಿನವೇ ಎತ್ತಿ ನಿಲ್ಲಿಸಿ. ತಳದಲ್ಲೋ ಕಾರ್ಕಿನ ಅಡಿಯಲ್ಲೋ ಕಲ್ಲುಸಕ್ಕರೆಯ ಪುಡಿಯಂಥ ಹರಳು ಕಂಡರೆ ಗಾಬರಿ ಬೇಡ, ಗಾಜಿನ ಚೂರಲ್ಲ. ಅದು ಟಾರ್ಟಾರಿಕ್ ಆಮ್ಲದ ಲವಣ. ನಾವು ದಿನವೂ ಸಾರಿಗೆ ಹಿಂಡುವ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ ಆಮ್ಲ. ತಂಪಿಗೆ ಹರಳುಗಟ್ಟುತ್ತದೆ, ತೊಂದರೆ ಏನೂ ಇಲ್ಲ.

ಹಳದಿ ಲೇಬಲಿನದನ್ನು 8ರಿಂದ 10 ಡಿಗ್ರಿಗೆ, ಮೇಲಿನ ಎರಡನ್ನು 10ರಿಂದ 12 ಡಿಗ್ರಿಗೆ ಬಡಿಸಿ. ಮನೆಯ ಫ್ರಿಜ್‌ನಲ್ಲಿ 4 ಡಿಗ್ರಿ ಇರುತ್ತದೆ, ಆದ್ದರಿಂದ ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಡಬೇಕು. ತೀರಾ ತಣ್ಣಗಿದ್ದರೆ ವಾಸನೆ ಏಳುವುದೇ ಇಲ್ಲ. ದುಬಾರಿ ಬಿಳಿ ವೈನನ್ನು ಐಸ್ ಬಕೆಟ್ಟಿನಲ್ಲಿ ಮುಳುಗಿಸಿಡುವ ಹೋಟೆಲುಗಳ ರೂಢಿ ಹಣ ಕೊಟ್ಟವರಿಗೆ ಮಾಡುವ ಅನ್ಯಾಯ. ವಯಸ್ಸಾಗದ ಸಾಂತ್ ಯೂನ್ ತೆರೆಯಲೇಬೇಕಾಗಿ ಬಂದರೆ ಅಗಲ ಬಾಯಿಯ ಹೂಜಿಗೆ ಬಗ್ಗಿಸಿ ಒಂದು ಗಂಟೆ ಬಿಡಿ. ಲೋಟ ತಳದಲ್ಲಿ ಅಗಲ, ಬಾಯಿಯಲ್ಲಿ ಸಪೂರ ಇರಲಿ. ಮೂರನೇ ಒಂದು ಭಾಗ ಸುರಿದರೆ ಸಾಕು. 750 ಮಿಲಿ ಬಾಟಲಿ ಐದಾರು ಜನರಿಗೆ ಆಗುತ್ತದೆ. ಮದ್ಯಸಾರ ಸುಮಾರು ಶೇ 13. ಹಗುರ ಬಣ್ಣ ನೋಡಿ ಹಗುರ ಪಾನೀಯ ಎಂದುಕೊಳ್ಳುವಂತಿಲ್ಲ.

ವಯಸ್ಸಾದ ರೀಸ್ಲಿಂಗ್‌ನಲ್ಲಿ ಒಮ್ಮೊಮ್ಮೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಮೊದಲ ಬಾರಿ ಮೂಸಿದವರು ಬಾಟಲಿ ಕೆಟ್ಟಿದೆ ಎಂದು ಸಿಂಕಿಗೆ ಸುರಿದದ್ದುಂಟು. ಕೆಟ್ಟಿಲ್ಲ. ಬಿಸಿಲಿಗೆ ದ್ರಾಕ್ಷಿಯ ಸಿಪ್ಪೆಯಲ್ಲಿ ಕೂಡಿದ ಕ್ಯಾರೊಟಿನಾಯ್ಡ್‌ಗಳಿಂದ, ಬಾಟಲಿಯಲ್ಲಿ ವರ್ಷಗಳು ಕಳೆದಂತೆ, ಟಿಡಿಎನ್ ಎಂಬ ಸಂಯುಕ್ತ ಹುಟ್ಟುತ್ತದೆ, ವಾಸನೆ ಅದರದು. ರೀಸ್ಲಿಂಗ್ ತಳಿಯಲ್ಲಿ ಇದು ಬೇರೆ ತಳಿಗಳಿಗಿಂತ ಹೆಚ್ಚು. ಕೆಲವರಿಗೆ ಅದು ಪ್ರಾಣ, ಕೆಲವರಿಗೆ ಆಗದು. ಒದ್ದೆ ರಟ್ಟಿನ, ಮುಗ್ಗಿದ ಹಳೆಯ ಪತ್ರಿಕೆಯ ವಾಸನೆ ಬಂದರೆ ಮಾತ್ರ ನಿಜವಾದ ದೋಷ. ಅದು ಕಾರ್ಕಿನಿಂದ ಬರುವ ಟಿಸಿಎ ಎಂಬ ರಾಸಾಯನಿಕದ್ದು, ಗಾಳಿಗೆ ಇಟ್ಟರೆ ಹೋಗುವುದಿಲ್ಲ. ಹೋಟೆಲಿನಲ್ಲಾದರೆ ಸಂಕೋಚವಿಲ್ಲದೆ ಹಿಂದಿರುಗಿಸಿ, ಅಂಗಡಿಯದ್ದಾದರೆ ಬಿಲ್ಲಿನೊಂದಿಗೆ ಒಯ್ಯಿರಿ. ಉಳಿದ ವೈನನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಹುಳಿ ಜಾಸ್ತಿ ಇರುವ ವೈನಿಗೆ ಇದೊಂದು ಲಾಭ.

ಆಲ್ಸಾಸ್‌ನವರು ಇದನ್ನು ನದಿಯ ಟ್ರೌಟ್ ಮೀನಿನ ಜೊತೆ, ಹುದುಗಿಸಿದ ಎಲೆಕೋಸು ಮತ್ತು ಹಂದಿಮಾಂಸದ ಶೂಕ್ರೂಟ್ ಜೊತೆ, ಕೆನೆ ಈರುಳ್ಳಿ ಹರಡಿದ ತೆಳು ರೊಟ್ಟಿಯ ಜೊತೆ ಕುಡಿಯುತ್ತಾರೆ. ನಮ್ಮ ಊಟಕ್ಕೆ ಹೊಂದುತ್ತದೆಯೇ? ಒಂದಿಷ್ಟು. ರವೆ ಹಚ್ಚಿ ಹುರಿದ ಕಾಣೆ ಮೀನು, ಬೆಣ್ಣೆ ಬೆಳ್ಳುಳ್ಳಿಯ ಸೀಗಡಿ, ತೆಂಗಿನಹಾಲಿನ ತೆಳು ಗಸಿ ಮತ್ತು ನೀರುದೋಸೆ, ಅಣಬೆಯ ಪಲ್ಯ, ಎಣ್ಣೆಯಲ್ಲಿ ಕೆಂಪಗಾದ ಪನೀರ್ ಇವುಗಳ ಜಿಡ್ಡನ್ನು ರೀಸ್ಲಿಂಗ್‌ನ ಹುಳಿ ಚೆನ್ನಾಗಿ ಕತ್ತರಿಸುತ್ತದೆ. ಬ್ಯಾಡಗಿಯ ಬಣ್ಣ ಇರಲಿ, ಗುಂಟೂರಿನ ಖಾರ ಬೇಡ. ಖಾರ ಏರಿದಷ್ಟೂ ಸಿಹಿಯಿಲ್ಲದ ವೈನ್ ಕಹಿಯಾಗುತ್ತದೆ, ಮದ್ಯಸಾರ ನಾಲಗೆ ಸುಡುತ್ತದೆ. ಖಾರದೂಟಕ್ಕೆ ಡೆಮಿ-ಸೆಕ್ ಕೊಳ್ಳಿ. ಹುಳಿ ಮುಂದಾದ ಸಾಂಬಾರು, ಗೊಜ್ಜುಗಳ ಎದುರು ಯಾವ ವೈನೂ ನಿಲ್ಲುವುದಿಲ್ಲ, ಆ ಸಾಹಸ ಬಿಟ್ಟುಬಿಡಿ. ವಯಸ್ಸಾದ ಸಾಂತ್ ಯೂನ್ ಕೈಗೆ ಸಿಕ್ಕಿತೆಂದರೆ ಊಟಕ್ಕೆ ಮೊದಲೇ, ಉಪ್ಪು ಹಚ್ಚಿದ ಬಾದಾಮಿಯ ಜೊತೆ ಮುಗಿಸುವುದು ಉತ್ತಮ.

ಅಲ್ಲಿಗೆ ಹೋಗುವವರಿಗೆ

ಪ್ಯಾರಿಸಿನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಕೋಲ್ಮಾರ್‌ಗೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಸ್ಟ್ರಾಸ್‌ಬರ್ಗ್‌ನಿಂದ ಅರ್ಧ ಗಂಟೆಯಷ್ಟೇ. ಕೋಲ್ಮಾರ್‌ನಿಂದ ರಿಬೋವಿಲೆಗೆ 15 ಕಿಲೋಮೀಟರ್, ಬಸ್ಸಿದೆ. ರಿಬೋವಿಲೆಯಿಂದ ಯೂನಾವೀರ್‌ಗೆ ದ್ರಾಕ್ಷಿ ಸಾಲುಗಳ ನಡುವೆ ನಡೆದೇ ಹೋಗಬಹುದು, ಮುಕ್ಕಾಲು ಗಂಟೆ ಸಾಕು. ಕೊಯ್ಲಿನ ದಿನಗಳಲ್ಲಿ ತೋಟದ ದಾರಿಗಳನ್ನು ಮುಚ್ಚುವುದುಂಟು. ಯೂನಾವೀರ್‌ನಲ್ಲಿ ಕೋಟೆಗೋಡೆಯೊಳಗಿನ ಹಳೆಯ ಇಗರ್ಜಿ ನೋಡಿ, ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಒಂದೇ ಕಟ್ಟಡದಲ್ಲಿ ಪ್ರಾರ್ಥನೆ ನಡೆಸುವ ಜಾಗ ಅದು. ಮಕ್ಕಳಿದ್ದರೆ, ಅಳಿವಿನಂಚಿಗೆ ಹೋಗಿದ್ದ ಬಿಳಿ ಕೊಕ್ಕರೆಗಳನ್ನು ಮರಳಿ ಆಲ್ಸಾಸ್‌ಗೆ ತರಲು 1976ರಲ್ಲಿ ಶುರುವಾದ ಕೇಂದ್ರವೂ ಅದೇ ಊರಲ್ಲಿದೆ. ರಿಬೋವಿಲೆಯಲ್ಲಿ ಸೆಪ್ಟೆಂಬರಿನ ಮೊದಲ ಭಾನುವಾರ ವಾದ್ಯಗಾರರ ಜಾತ್ರೆ. ಜಾತ್ರೆಯೇ ಬೇಕೆಂದಿಲ್ಲದಿದ್ದರೆ ಆ ದಿನ ಬೇಡ, ಕಾಲಿಡಲು ಜಾಗವಿರುವುದಿಲ್ಲ.

ವೈನ್ ಮನೆಗೆ ಹೋಗುವ ಮುಂಚೆ ಸಮಯ ಗೊತ್ತುಮಾಡಿಕೊಳ್ಳಿ. ರುಚಿ ನೋಡುವಾಗ ಸಾಂತ್ ಯೂನನ್ನು ಸುರಿದುಕೊಡುತ್ತಾರೆಂದು ಎಣಿಸಬೇಡಿ. ಕೊಟ್ಟದ್ದನ್ನೆಲ್ಲ ನುಂಗಲೇಬೇಕೆಂದಿಲ್ಲ, ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಅದರಲ್ಲಿ ಉಗುಳುವುದನ್ನು ಯಾರೂ ಅಸಭ್ಯ ಎಂದುಕೊಳ್ಳುವುದಿಲ್ಲ. ಕಾರು ಓಡಿಸುವವರಿಗೆ ಫ್ರಾನ್ಸ್‌ನಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹೊಸದಾಗಿ ಪರವಾನಗಿ ಪಡೆದವರಿಗೆ 0.2.

ವಿಮಾನದಲ್ಲಿ ತರುವ ಬಾಟಲಿಗಳು ಚೆಕ್-ಇನ್ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಸೋರಿದರೂ ಹರಡದಂತೆ ಪ್ಲಾಸ್ಟಿಕ್ ಚೀಲದೊಳಗೆ ಇರಲಿ. ಭಾರತಕ್ಕೆ ಮರಳುವ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ತರಬಹುದಾದ್ದು ಎಲ್ಲ ಬಗೆಯ ಮದ್ಯ ಸೇರಿ 2 ಲೀಟರ್. 750 ಮಿಲಿಯ ಎರಡು ಬಾಟಲಿ ಅದರೊಳಗೆ ಬರುತ್ತದೆ, ಮೂರನೆಯದಕ್ಕೆ ಸುಂಕ ಕಟ್ಟಬೇಕು. ಆ ಎರಡರಲ್ಲಿ ಒಂದು ಹಳದಿ ಲೇಬಲಿನದು, ಇನ್ನೊಂದು ಫ್ರೆಡರಿಕ್ ಎಮಿಲ್ ಆಗಿರಲಿ. ಸಾಂತ್ ಯೂನನ್ನು ವೈನ್ ಫ್ರಿಜ್ ಕೊಂಡ ಮೇಲೆ, ಮುಂದಿನ ಪ್ರಯಾಣದಲ್ಲಿ ತನ್ನಿ.